ಅಡಿಕೆ ದರದ ಪುಟ ಖಾಲಿ ಬಂದ ದಿನ

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ನಾವು ನೋಡಿಕೊಳ್ಳುವ ಸುದ್ದಿ ಸೈಟಿನ ಡೆಸ್ಕಿನಿಂದ ಫೋನ್. "ಸರ್, ದರದ ಪುಟದಲ್ಲಿ ‘ಇಂದು ಆವಕ ಇಲ್ಲ’ ಅಂತ ಬರ್ತಿದೆ. ಶಿವಮೊಗ್ಗ, ಸಾಗರ, ಶಿರಸಿ, ಎಲ್ಲಾ ಕಡೆ ಅದೇ. ಇವತ್ತು ಮಾರ್ಕೆಟ್ ರಜಾನಾ ಅಂತ ಜನ ಕೇಳ್ತಿದಾರೆ."

ಸೈಟು ವರ್ಡ್‌ಪ್ರೆಸ್‌ನದು. ಪುಟದ ಪ್ರತಿ ಎತ್ತಿಟ್ಟು ಅದನ್ನೇ ತೋರಿಸುವ ಕ್ಯಾಶ್ ಪ್ಲಗಿನ್‌ನದೇ ಕಿತಾಪತಿ ಅಂದುಕೊಂಡೆ. ಪೇಜ್ ಕ್ಯಾಶ್ ಪರ್ಜ್ ಮಾಡಿದೆ, ಅಂದರೆ ಅಳಿಸಿದೆ. ಬೇರೆ ಸರ್ವರ್‌ಗಳಲ್ಲಿ ಪ್ರತಿ ಇಡುವ ಸಿಡಿಎನ್ ಅನ್ನೂ ಪರ್ಜ್ ಮಾಡಿದೆ. ಪುಟ ಹಾಗೇ ಇತ್ತು. ತಪ್ಪುಗಳು ದಾಖಲಾಗುವ ಡೀಬಗ್ ಲಾಗ್ ತೆರೆದರೆ ಒಂದು ಸಾಲೂ ಇಲ್ಲ. ಕರ್ಲ್ ಕಮಾಂಡ್ ಹೊಡೆದು ನೇರವಾಗಿ ಕೇಳಿದರೆ, ನಮಗೆ ದರ ಕಳಿಸುವ ಹೊರಗಿನ ಸೇವೆ, ಅಂದರೆ ಎಪಿಐ, ಸರಿಯಾಗಿ ದರ ಕೊಡುತ್ತಿದೆ. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ ಎಲ್ಲಾ ಇದೆ. ಹಾಗಾದರೆ ಪುಟಕ್ಕೆ ಯಾಕೆ ಬರುತ್ತಿಲ್ಲ? ಡೆಸ್ಕಿನವರು ಮತ್ತೆ ಮತ್ತೆ ಕೇಳುತ್ತಿದ್ದರು. ನನ್ನ ಕೈ ಬೆವರುತ್ತಿತ್ತು. ಹೀಗೇ ನಲವತ್ತು ನಿಮಿಷ ಹೋಯಿತು.

ಕೊನೆಗೆ ಟ್ರಾನ್ಸಿಯೆಂಟ್ ತೆಗೆದು ನೋಡಿದೆ. ಎಪಿಐ ಕೊಟ್ಟ ದರವನ್ನು ವರ್ಡ್‌ಪ್ರೆಸ್ ಸ್ವಲ್ಪ ಕಾಲ ಇಟ್ಟುಕೊಳ್ಳುವ ಜಾಗ ಅದು. ಖಾಲಿ ಅರೇ, ಅಂದರೆ ಏನೂ ಇಲ್ಲದ ಪಟ್ಟಿ. ಬೆಳಿಗ್ಗೆ ಆರಕ್ಕೆ ಕೂತದ್ದು, ಹನ್ನೆರಡು ಗಂಟೆಯ ಅವಧಿ.

ಆರು ಗಂಟೆಗೆ ಎಪಿಐನವರ ಸರ್ವರ್ ಮೆಂಟೆನೆನ್ಸ್‌ನಲ್ಲಿತ್ತಂತೆ. ‘ಸದ್ಯ ಸೇವೆ ಇಲ್ಲ’ ಅನ್ನುವ 503 ಕೋಡ್ ಜೊತೆಗೆ ದರದ ಬದಲು ಒಂದು ಎಚ್‌ಟಿಎಂಎಲ್ ಪುಟ ಕಳಿಸಿದೆ. ನನ್ನ ಕೋಡ್ ನೋಡಿದ್ದು ವರ್ಡ್‌ಪ್ರೆಸ್‌ನ ದೋಷಸೂಚನೆಯಾದ ಡಬ್ಲ್ಯೂಪಿ ಎರರ್ ಬಂತೇ ಅಂತ ಮಾತ್ರ. ವರ್ಡ್‌ಪ್ರೆಸ್ ಅದನ್ನು ಕೊಡುವುದು ಟೈಮೌಟ್ ಆದರೆ, ಡಿಎನ್‌ಎಸ್‌ನಲ್ಲಿ ಸರ್ವರ್‌ನ ವಿಳಾಸ ಸಿಗದಿದ್ದರೆ, ಒಟ್ಟಿನಲ್ಲಿ ಉತ್ತರವೇ ಬರದಿದ್ದಾಗ. 404 ಆಗಲಿ 503 ಆಗಲಿ, ಅದರ ಲೆಕ್ಕದಲ್ಲಿ ಉತ್ತರ ಬಂದ ಹಾಗೇ. ಎಚ್‌ಟಿಎಂಎಲ್ ಅನ್ನು ಜೇಸನ್ (ದರ ಬರುವ ಡೇಟಾ ರೂಪ) ಅಂತ ಡಿಕೋಡ್ ಮಾಡಿದರೆ ಸಿಗುವುದು ನಲ್, ಅಂದರೆ ಏನೂ ಇಲ್ಲ. ಆ ನಲ್ ಅನ್ನು ಅರೇಗೆ ಕಾಸ್ಟ್ ಮಾಡಿ, ಅಂದರೆ ಖಾಲಿ ಪಟ್ಟಿಯಾಗಿ ಬದಲಿಸಿ, ಜೋಪಾನವಾಗಿ ಎತ್ತಿಟ್ಟವನು ನಾನೇ. ಟೆಂಪ್ಲೇಟಿನಲ್ಲಿ ‘ಆವಕ ಇಲ್ಲ’ ಅಂತ ಬರೆದವನೂ ನಾನೇ.

ಮಾನಿಟರಿಂಗ್ ಇಡೀ ಬೆಳಿಗ್ಗೆ ಹಸಿರು. ಪುಟ ‘ಸರಿ’ ಅನ್ನುವ 200 ಕೋಡ್ ಕೊಟ್ಟರೆ ಅದಕ್ಕೆ ಸಾಕು. ಒಳಗಿನ ಡೇಟಾ ನೋಡುವ ಚೆಕ್ ಹಾಕೋಣ ಅಂತ ಎರಡು ಸಲ ಕೇಳಿದ್ದೆ. ಮುಂದಿನ ಸ್ಪ್ರಿಂಟ್, ಅಂದರೆ ಮುಂದಿನ ಸುತ್ತಿನ ಕೆಲಸದಲ್ಲಿ ನೋಡೋಣ ಅಂದಿದ್ದರು. ಅದಕ್ಕೆ ಈಗಲೂ ಸಿಟ್ಟಿದೆ.

ಈಗ ಸ್ಟೇಟಸ್ ಕೋಡ್ 200 ಅಲ್ಲದಿದ್ದರೆ, ಜೇಸನ್ ಮುರಿದಿದ್ದರೆ ಲಾಗ್‌ಗೆ ಬರೆಯುತ್ತೇವೆ. ಐದು ನಿಮಿಷ ಬಿಟ್ಟು ಮತ್ತೆ ಕೇಳುತ್ತೇವೆ. ಕೊನೆಯ ಸಲ ಸರಿಯಾಗಿ ಬಂದ ದರ ಡೇಟಾಬೇಸಿನ ಆಪ್ಷನ್ಸ್ ಟೇಬಲ್ಲಿನಲ್ಲಿ ಬೇರೆಯಾಗಿ ಇರುತ್ತದೆ. ಪುಟದಲ್ಲಿ ‘ಹೊಸ ದರ ಸಿಕ್ಕಿಲ್ಲ, ಇದು ಶನಿವಾರದ್ದು’ ಅಂತ ಬರುತ್ತದೆ. ಆವಕ ಇಲ್ಲದಿರುವುದು ಬೇರೆ, ನಮಗೆ ಗೊತ್ತಾಗದಿರುವುದು ಬೇರೆ ಅಲ್ವಾ?

ಸಂಜೆ ಡೆಸ್ಕಿನವರು ಹೇಳಿದರು. ಸಾಗರದ ಕಡೆಯ ಒಬ್ಬರು ನಮ್ಮ ಪುಟ ನೋಡಿ, ಗಾಡಿಗೆ ಹೇರಿದ್ದ ಚೀಲಗಳನ್ನು ಇಳಿಸಿಬಿಟ್ಟಿದ್ದರಂತೆ.