ಅನ್ನಾ ಬೆರ್ಜರ್ ಅವರನ್ನು ನೆನೆದು

ರಷ್ಯನ್ ಲೇಖಕ ಸೋಲ್ಜೆನಿತ್ಸಿನ್ ಅವರನ್ನು ಬಲ್ಲ ಓದುಗರಲ್ಲಿ ಅನ್ನಾ ಬೆರ್ಜರ್ ಅವರ ಹೆಸರು ಕೇಳಿದವರು ಕಡಿಮೆ. ಮಾಸ್ಕೋದ ‘ನೋವಿ ಮಿರ್’ ಸಾಹಿತ್ಯ ಪತ್ರಿಕೆಯ ಗದ್ಯ ವಿಭಾಗದಲ್ಲಿ ಸಂಪಾದಕಿಯಾಗಿದ್ದ ಅವರ ಕೈಗೆ, ಸೋವಿಯತ್ ಶ್ರಮಶಿಬಿರದ ಕೈದಿಯೊಬ್ಬನ ಒಂದು ದಿನದ ಬಗ್ಗೆ ಸೋಲ್ಜೆನಿತ್ಸಿನ್ ಬರೆದ ಕಥೆ 1961ರಲ್ಲಿ ಒತ್ತೊತ್ತಾದ ಬೆರಳಚ್ಚಿನ ಪ್ರತಿಯಾಗಿ ಬಂದಾಗ, ಅವರು ಅದನ್ನು ಹೊಸದಾಗಿ ಬೆರಳಚ್ಚು ಮಾಡಿಸಿ, ಅಳುಕಬಹುದಾಗಿದ್ದ ಮೇಲಿನವರನ್ನು ದಾಟಿ, ನೇರವಾಗಿ ಪ್ರಧಾನ ಸಂಪಾದಕ, ಕವಿ ತ್ವಾರ್ದೋವ್‌ಸ್ಕಿಯವರಿಗೆ ಒಪ್ಪಿಸಿದರು. ಇದು ರೈತನೊಬ್ಬನ ಕಣ್ಣಿಗೆ ಕಂಡ ಶಿಬಿರ ಎಂದು ಅವರು ಹೇಳಿದರಂತೆ. ಹಳ್ಳಿಯ ಕಮ್ಮಾರನ ಮಗನಾದ, ಸ್ವಂತ ಕುಟುಂಬವೇ ಗಡೀಪಾರಾದುದನ್ನು ಕಂಡ ಆ ಕವಿಗೆ ಯಾವ ಮಾತು ನಾಟೀತೆಂದು ಅವರು ಅರಿತಿದ್ದರು. ಸೋವಿಯತ್ ನಾಯಕ ಕ್ರುಶ್ಚೇವ್ ಅವರ ಒಪ್ಪಿಗೆಯೊಂದಿಗೆ 1962ರ ನವೆಂಬರ್ ಸಂಚಿಕೆಯಲ್ಲಿ ‘ಇವಾನ್ ಡೆನಿಸೊವಿಚ್‌ನ ಬದುಕಿನ ಒಂದು ದಿನ’ ಎಂಬ ಆ ಕೃತಿ ಅಚ್ಚಾಯಿತು. ನಿನ್ನೆ ರಾತ್ರಿ ಅದನ್ನು ಮತ್ತೆ ಓದುವಾಗ, ಅನ್ನಾ ಅವರ ಆ ಕಣ್ಣುಗಳೇ ನನ್ನ ಮನಸ್ಸಿನಲ್ಲಿದ್ದವು.