ಮಾತ್ರೆ ಎಣಿಸುವ ಮುಂಚೆ ಕೇಳುವ ಪ್ರಶ್ನೆ

ನಾನು ಎಚ್.ಐ.ವಿ.ಗೆ ಚಿಕಿತ್ಸೆ ಕೊಡುವ ಒಂದು ಎ.ಆರ್.ಟಿ. ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ಎಚ್.ಐ.ವಿ. ಇರುವವರು ಮಾತ್ರೆಗೆ ಬಂದಾಗ ನನ್ನ ಹತ್ತಿರ ಕೂರುತ್ತಾರೆ. ಡಬ್ಬಿ ತೆಗೆಸಿ ಉಳಿದ ಮಾತ್ರೆ ಎಣಿಸುತ್ತೇನೆ. ನೂರಕ್ಕೆ 95ಕ್ಕಿಂತ ಜಾಸ್ತಿ ನುಂಗಿದ್ದರೆ ಸಮಾಧಾನ. ಎಷ್ಟೋ ವರ್ಷ ನನ್ನ ವಿಚಾರಣೆ ಅಲ್ಲಿಗೇ ಮುಗಿಯುತ್ತಿತ್ತು.

ಒಬ್ಬರು ಬರುತ್ತಿದ್ದರು, ನಲವತ್ತರ ಆಸುಪಾಸು. ಒಂದು ದಿನದ ಮಾತ್ರೆಯನ್ನೂ ತಪ್ಪಿಸಿದವರಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್‌ನ ಪ್ರಮಾಣ, ಹತೋಟಿಯಲ್ಲಿತ್ತು. ಅಂಥವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತೇವೆ. ಆ ದಿನ ಅವರು "ಒಂದು ತಿಂಗಳದ್ದು ಸಾಕು ಮೇಡಂ" ಅಂದರು. ಮೂರು ಡಬ್ಬಿ ಯಾರ ಕಣ್ಣಿಗಾದರೂ ಬಿದ್ದೀತು ಅನ್ನುವ ಭಯ ಇರಬೇಕು ಅಂದುಕೊಂಡೆ. ಡಬ್ಬಿಯ ಚೀಟಿ ಕಿತ್ತು ಒಯ್ಯುವವರನ್ನು ದಿನಾ ನೋಡುತ್ತೇವಲ್ಲ. ಮುಂದಿನವರನ್ನು ಕರೆದೆ.

ಹಿಂದೆಯೇ ಫಾರ್ಮಸಿಸ್ಟ್ ಬಂದರು. "ಈಗ ಹೋದವರು ಮುಂದಿನ ತಾರೀಖು ಎರಡೆರಡು ಸಲ ಕೇಳೋರು, ಇವತ್ತು ಕೇಳಲೇ ಇಲ್ಲ. ಸ್ವಲ್ಪ ನೋಡಿ" ಅಂದರು. ಅವರನ್ನು ಗೇಟಿನಿಂದ ವಾಪಸ್ ಕರೆಸಿದೆ. ಬಾಗಿಲು ಮುಚ್ಚಿ, ಸುತ್ತಿ ಬಳಸದೆ ಕೇಳಿದೆ: "ಸಾಯಬೇಕು ಅನ್ನಿಸ್ತಿದೆಯಾ?"

ತುಂಬಾ ಹೊತ್ತಿನ ಮೇಲೆ "ಹೂಂ" ಅಂದರು. ಅಣ್ಣನ ಮನೆಯಲ್ಲಿ ಅವರಿಗೆ ಬೇರೆ ಲೋಟ ಇಟ್ಟಿದ್ದರಂತೆ. ಲೋಟದ ವಿಷಯ ಹೇಳುವಾಗಲೇ ಅತ್ತರು.

ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಹಲವರಿಗಿದೆ. ನನಗೂ ಇತ್ತು. ಹಾಗಾಗುವುದಿಲ್ಲ. ಕೇಳದೇ ಇದ್ದರೆ ಅವರು ಹೇಳುವುದು ಯಾರ ಹತ್ತಿರ?

ಆ ದಿನ ಸುಮ್ನೆ ಚೀಟಿ ಬರೆದು ಕಳಿಸಲಿಲ್ಲ. ಮನೋವೈದ್ಯರ ಕೋಣೆವರೆಗೆ ಜೊತೆಗೇ ಹೋದೆ. ರಾತ್ರಿ ಅವರೊಬ್ಬರೇ ಇರುವುದು ಬೇಡವಾಗಿತ್ತು. ಅಕ್ಕನಿಗೆ ಫೋನ್ ಮಾಡಲಾ ಅಂದರೆ, "ಅವಳಿಗೆ ಕಾಯಿಲೆ ವಿಷಯ ಗೊತ್ತಿಲ್ಲ" ಎಂದು ಗಾಬರಿಯಾದರು. 2017ರ ಎಚ್.ಐ.ವಿ. ಕಾಯ್ದೆ ಪ್ರಕಾರ ಅವರ ಒಪ್ಪಿಗೆ ಇಲ್ಲದೆ ನಾನು ಹೇಳುವಂತಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಏನು ಹೇಳಬೇಕು ಅಂತ ಇಬ್ಬರೂ ಕೂತು ಗೊತ್ತು ಮಾಡಿಕೊಂಡೆವು. ಅವರ ಎದುರಿಗೇ ಫೋನ್ ಮಾಡಿ, "ನಿಮ್ಮ ತಮ್ಮನ ಮನಸ್ಸು ಸರಿ ಇಲ್ಲ, ಇವತ್ತು ಒಬ್ಬರನ್ನೇ ಬಿಡಬೇಡಿ" ಅಂದೆ. ಎ.ಆರ್.ಟಿ. ಅನ್ನುವ ಮಾತು ಎತ್ತಲಿಲ್ಲ. ಅಕ್ಕ ಬರುವವರೆಗೆ ಅವರು ನಮ್ಮ ಜೊತೆಯಲ್ಲೇ ಇದ್ದರು.

ಈಗ ಡಬ್ಬಿ ತೆಗೆಸುವ ಮುಂಚೆ ನಿದ್ದೆ, ಊಟ ವಿಚಾರಿಸುತ್ತೇನೆ. ಆಮೇಲೆ ಆ ಪ್ರಶ್ನೆ. ಹೊಸದಾಗಿ ರಿಪೋರ್ಟ್ ಬಂದವರಿಗೂ, ಹತ್ತು ವರ್ಷದಿಂದ ಬರುತ್ತಿರುವವರಿಗೂ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಡುತ್ತೇನೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ಚೀಟಿಯಲ್ಲಿ ಎಚ್.ಐ.ವಿ. ಅಂತ ಎಲ್ಲೂ ಇರುವುದಿಲ್ಲ. ಮನೆಯವರು ಜೇಬು ನೋಡಿದರೂ ಹೆದರಿಕೆ ಬೇಡ.

ಅವರು ಈಗಲೂ ಬರುತ್ತಾರೆ. ಮೊನ್ನೆ ಕೇಳಿದಾಗ "ಒಮ್ಮೊಮ್ಮೆ ಅನ್ಸುತ್ತೆ ಮೇಡಂ, ಮೊದಲಿನಷ್ಟಿಲ್ಲ" ಅಂದರು. ಯಾವ ಹೊತ್ತಿನಲ್ಲಿ ಅಂತ ಕೇಳಿದೆ. ಅರ್ಧ ಗಂಟೆ ಮಾತಾಡಿದೆವು. ಮಾತ್ರೆ ಎಣಿಸಿದ್ದು ಆಮೇಲೆ.