ಕೌದಿಗೆ ಬಾರದ ಸೀರೆಗಳು

ದಸರೆಗೆ ಮನೆ ತೊಳೆಯುವ ದಿನ ಅವ್ವ ಟ್ರಂಕು, ಕಪಾಟು ಎಲ್ಲ ಖಾಲಿ ಮಾಡಿಸಿದಳು. ಬಾಗಲಕೋಟೆ ನವನಗರದ ನಮ್ಮ ಮನೆಯ ಅಂಗಳದಲ್ಲಿ ಸೀರೆಗಳ ಗುಡ್ಡೆ. ಅಕ್ಕನ ಕೂಸಿಗೆ ಒಂದು ಕೌದಿ, ಅಂದರೆ ಹಳೇ ಅರಿವೆ ಪದರು ಹಾಕಿ ಹೊಲಿದ ಹೊದಿಕೆ, ಆಗಬೇಕಿತ್ತು. ಹೊಲಿಯುವ ಆಯಿಗೆ ಮೊದಲೇ ಹೇಳಿ ಕಳಿಸಿದ್ದೆವು. ಇಷ್ಟು ಅರಿವೆ ಇದ್ದಮೇಲೆ ನಾಲ್ಕು ಕೌದಿ ಆದಾವು ಅಂದುಕೊಂಡಿದ್ದೆ.

ಆಯಿ ಗುಡ್ಡೆಯ ಮುಂದೆ ಕುಂತು ಒಂದೊಂದೇ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ ಎಡಕ್ಕೆ ಹಾಕುತ್ತ ಹೋದಳು. ಬಲಕ್ಕೆ ಬಂದದ್ದು ಐದೇ: ಅವ್ವನ ಹಳೆಯ ಹತ್ತಿ ನೂಲಿನ ಎರಡು ಇಳಕಲ್ಲ ಸೀರೆ, ತೀರಿಹೋದ ಅಜ್ಜಿಯ ಎರಡು, ಅಪ್ಪನ ಒಂದು ಧೋತರ.

“ಉಳದದ್ದು?” ಅಂದೆ.

“ಅವು ಕೌದಿಗಿ ಬರೂದಿಲ್ಲ ತಮ್ಮಾ. ಪದರಿಗಿ ಪದರ ನಿಲ್ಲೂದಿಲ್ಲ, ಜಾರತಾವು. ಬೆವರೂ ಹಿಡಿಯೂದಿಲ್ಲ. ಕೂಸಿನ ಮೈ ಕುದೀತೈತಿ.”

ನನಗೆ ನಂಬಿಕೆ ಬರಲಿಲ್ಲವೆಂದು ಎರಡು ಎಳೆ ಕಿತ್ತು ಕಡ್ಡಿ ಗೀರಿದಳು. ಇಳಕಲ್ಲದ ಎಳೆ ಕಾಗದದ ಹಾಗೆ ಉರಿದು ಬೂದಿಯಾಯಿತು. ಇನ್ನೊಂದು ಮುದುಡಿ, ಕರಗಿ, ಕರೀ ಹೊಗೆ ಬಿಟ್ಟು, ಗಟ್ಟಿ ಮಣಿಯಾಗಿ ಉಳಿಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ.

ಅದು ಪ್ಲಾಸ್ಟಿಕ್ಕೇ. ನೀರಿನ ಬಾಟಲಿ ಯಾವುದರಿಂದ ಆಗುತ್ತದೋ ಪಾಲಿಯೆಸ್ಟರ್ ನೂಲೂ ಅದರಿಂದಲೇ ಆಗುತ್ತದೆ. ಎರಡರ ಮೂಲವೂ ಕಚ್ಚಾ ತೈಲ. 1941ರಲ್ಲಿ ಇಂಗ್ಲೆಂಡಿನ ಇಬ್ಬರು ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಈ ನೂಲು ನಮ್ಮ ಕಡೆ ಟೆರಿಲಿನ್ ಆಗಿ ಬಂತು. ಅಪ್ಪನ ವಾರಿಗೆಯವರಿಗೆ ಟೆರಿಲಿನ್ ಅಂಗಿ ಅಂದರೆ ದೊಡ್ಡಸ್ತಿಕೆ. ಇಂದು ಜಗತ್ತಿನಲ್ಲಿ ತಯಾರಾಗುವ ಒಟ್ಟು ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರೇ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಬಂಕಿನಲ್ಲಿ ಪೆಟ್ರೋಲ್ ದರ ಒಂದು ರೂಪಾಯಿ ಏರಿದರೆ ಮಾತಾಡುವ ನಾನು, ಅದೇ ಎಣ್ಣೆ ನಮ್ಮ ಕಪಾಟಿನಲ್ಲಿ ಮಡಿಕೆ ಹಾಕಿಕೊಂಡು ಕೂತದ್ದನ್ನು ಇಷ್ಟು ವರ್ಷ ನೋಡಿರಲಿಲ್ಲ.

ಎಡಕ್ಕೆ ಬಿದ್ದವನ್ನು ಎಣಿಸಿದೆ. 33 ಸೀರೆ. ಅದರಲ್ಲಿ 26 ಅವ್ವ ಒಮ್ಮೆಯೂ ಉಟ್ಟಿರಲಿಲ್ಲ. ಎಲ್ಲ ಆಯೇರಿ, ಅಂದರೆ ಉಡುಗೊರೆಯಾಗಿ, ಬಂದವು: ಮದುವೆ, ಸೀಮಂತ, ಮನೆ ಒಕ್ಕಲು. ಯಾವುದು ಯಾರ ಮನೆಯದು ಅಂತ ಅವ್ವನಿಗೆ ಬಾಯಿಪಾಠ. ಒಂದು ನೀಲಿ ಸೀರೆಯನ್ನು ತಾನೇ ಒಂದು ಮದುವೆಯಲ್ಲಿ ಕೊಟ್ಟಿದ್ದಳಂತೆ. ಮೂರು ಮನೆ ಸುತ್ತಿ ನಮ್ಮಲ್ಲಿಗೇ ವಾಪಸ್ಸು ಬಂದಿದೆ. ಯಾರೂ ಉಡದ ಸೀರೆಗೆ ಎಲ್ಲಿಯೋ ಬಾವಿ ಕೊರೆದು, ಹಡಗು ತುಂಬಿ, ಕಾರ್ಖಾನೆಯಲ್ಲಿ ಕಲ್ಲಿದ್ದಲು ಉರಿಸಿ! ನನಗೆ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಲ್ಲುವುದೇ ಕಷ್ಟವಾಯಿತು.

ಉಟ್ಟರೂ ಕಾಟ ತಪ್ಪಿದ್ದಲ್ಲ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಉದುರಿ ಮೋರಿ ಸೇರುತ್ತವೆ. ಮಣ್ಣು ಅವನ್ನು ಅರಗಿಸಿಕೊಳ್ಳುವುದಿಲ್ಲ. ಹತ್ತಿ ನೂಲಿನ ಸೀರೆ ಹರಿದರೆ ಕೌದಿ, ಕೌದಿ ಹರಿದರೆ ಒರೆಸುವ ಅರಿವೆ, ಕಡೆಗೆ ಮಣ್ಣು. ಇವಕ್ಕೆ ಆ ದಾರಿಯೇ ಇಲ್ಲ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ಬರುವಾಗ ಅವ್ವನ ಸೀರೆಯೆಲ್ಲ ಒಂದೇ ಟ್ರಂಕಿನಲ್ಲಿ ಹಿಡಿದಿದ್ದವು. ಆ ಟ್ರಂಕಿನಿಂದ ಬಂದವೇ ಈಗ ಆಯಿಯ ಬಲಕ್ಕಿದ್ದದ್ದು.

“ಇನ್ನ ಮ್ಯಾಲೆ ಆಯೇರಿಗೆ ಸೀರಿ ಬ್ಯಾಡ ಬೇ. ಒಂದು ಗುಳೇದಗುಡ್ಡದ ಕುಬಸದ ಕಣ ಕೊಡೂಣು, ತೊಟ್ಟಾರ” ಅಂದೆ.

“ಬರೇ ಕಣ ಕೊಟ್ರ ಬೀಗರು ಏನಂದಾರು?” ಅಂದಳು. ಅವಳ ಮುಖ ನೋಡಿ ನಾನು ಮುಂದೆ ಮಾತಾಡಲಿಲ್ಲ. ಅಷ್ಟು ವರ್ಷದ ಮರ್ಯಾದೆ ಆ ಗುಡ್ಡೆಯಲ್ಲಿತ್ತು.

ಕೌದಿ ಒಂಬತ್ತನೆಯ ದಿನ ಮುಗಿಯಿತು. ಕೊನೆಯ ಮೂಲೆ ಮುಚ್ಚುವ ಮೊದಲು, ಕೌದಿ ಹಸಿದಿರಬಾರದು ಅಂತ ಆಯಿ ಒಂದು ಚೂರು ಹೋಳಿಗೆ ಒಳಗಿಟ್ಟು ಹೊಲಿದಳು. ಅವ್ವ 33 ಸೀರೆಗಳನ್ನು ಮತ್ತೆ ಕಪಾಟಿಗೆ ಏರಿಸಿದಳು. ದೀಪಾವಳಿ ಮುಗಿದರೆ ನಮ್ಮ ಬಳಗದಲ್ಲಿ ಎರಡು ಮದುವೆ ಇವೆ.